ಕೋಟೆಬೀದಿಯ ಸುಣ್ಣದ ಗೆರೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಂದಷ್ಟು ಶಿಷ್ಯರು. ಅವರಲ್ಲಿ ಹಿರಿಯ ಚಿದಂಬರ.

ಮೀಸೆ ಮೂಡುವ ಮುನ್ನವೇ ಬಂದು ಸೇರಿದವನು. ಗುರುಗಳು ಬೆಳಗ್ಗೆ ಹೊಳೆಗೆ ಹೊರಟರೆ ಜೊತೆಗೆ ಹೋಗುತ್ತಿದ್ದವನು ಅವನೇ.

ಕಳೆದ ಮಳೆಗಾಲದಲ್ಲಿ ಅಡವೀಶ ಎಂಬ ಹೊಸ ಶಿಷ್ಯ ಬಂದ. ಆಮೇಲೆ ಹೊಳೆಗೆ ಹೊರಡುವಾಗ ಗುರುಗಳು ಅಡವೀಶನನ್ನು ಕರೆಯತೊಡಗಿದರು.

ಅವರು ತಿರುಗಿ ಬರುವ ತನಕ ಚಿದಂಬರನ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ದಂಡೆಯಿಂದ ನಗು ಕೇಳಿಸಿದರೆ, ಯಾಕೆ ನಕ್ಕರು ಅನ್ನುವುದೇ ದಿನವೆಲ್ಲ ಕೊರೆಯುತ್ತಿತ್ತು.

ಒಂದು ದಿನ ಪಕ್ಕದ ಊರಿನ ಕೋಟೆಬೀದಿಯವರು ಬಂದರು. ಬೀದಿಯ ಮೇಲ್ತುದಿಯಲ್ಲಿ ಮನೆಗಳು, ಕೆಳತುದಿಯಲ್ಲಿ ಅಂಗಡಿಗಳು, ನಡುವೆ ಬಾವಿ. ಬೀದಿಯನ್ನು ನೋಡಿಕೊಳ್ಳಲು ಒಂದು ಸಂಘ ಕಟ್ಟಲು ಹೊರಟಿದ್ದರು. ಸಂಘದ ಎಲ್ಲೆ ಎಲ್ಲಿಗೆ ಮುಗಿಯಬೇಕು ಅನ್ನುವುದರಲ್ಲೇ ಜಗಳ ಹತ್ತಿತ್ತು.

ಮನೆಗಳವರ ಪರವಾಗಿ ಶೇಷಾಚಲ ಮೇಷ್ಟ್ರು ಮಾತಾಡಿದರು. "ರಾತ್ರಿ ಇಲ್ಲಿ ಮಲಗೋರು ನಾವು. ಅವರ ಗಾಡಿಗಳ ಕಾಟಕ್ಕೆ ಮಕ್ಕಳು ಹೊರಗೆ ಕಾಲಿಡೋ ಹಾಗಿಲ್ಲ. ಸಂಜೆ ಬೀಗ ಹಾಕ್ಕೊಂಡು ಹೋಗೋರಿಗೆ ಬೀದಿ ಮೇಲೆ ಏನು ಮಾತು?"

ಎಣ್ಣೆ ಅಂಗಡಿಯ ಗೂಳಪ್ಪ ಸುಮ್ಮನಿರಲಿಲ್ಲ. "ಹಗಲೆಲ್ಲ ಇಲ್ಲಿರೋರು ನಾವು. ನಮ್ಮನ್ನ ಕೇಳದೆ ಬೀದಿಗೆ ಬಿದಿರು ಅಡ್ಡ ಕಟ್ತೀವಿ ಅಂತಾರೆ. ಗಾಡಿ ಬರದಿದ್ರೆ ಅಂಗಡಿ ಇಟ್ಕೊಂಡು ಏನು ಮಾಡ್ಲಿ?"

ಆಶ್ರಮದವರು ಎಳೆದ ಗೆರೆಗೆ ಎಲ್ಲರೂ ತಲೆಬಾಗುತ್ತೇವೆ ಎಂದು ಎರಡೂ ಕಡೆಯವರು ಹೇಳಿದರು.

"ಚಿದಂಬರ, ನೀನು ಹೋಗು," ಎಂದರು ಗುರುಗಳು. "ಅಡವೀಶನನ್ನೂ ಕರ್ಕೊಂಡು ಹೋಗು. ಇಬ್ಬರೂ ಕೇಳಿ, ಯೋಚಿಸಿ, ಒಂದು ಗೆರೆ ಎಳೆದು ಬನ್ನಿ."

ಆ 'ಅಡವೀಶನನ್ನೂ' ಚಿದಂಬರನಿಗೆ ಮುಳ್ಳಾಗಿ ಚುಚ್ಚಿತು.

ಅವನು ಮೇಷ್ಟ್ರ ಜಗಲಿಯಲ್ಲಿ ಕೂತ. ಅಡವೀಶ ಅಂಗಡಿಗಳ ಕಡೆ ಹೋದ.

"ನಾವು ತಾತನ ಕಾಲದಿಂದ ಇದ್ದೇವೆ ಸ್ವಾಮಿ," ಎಂದರು ಮೇಷ್ಟ್ರು. "ನಿನ್ನೆ ಮೊನ್ನೆ ಬಂದವರು ನಮ್ಮ ಸರಿಸಮ ಕೂರ್ತೀವಿ ಅಂದ್ರೆ ಹೇಗೆ?"

ಚಿದಂಬರನಿಗೆ ಯಾರೋ ತನ್ನ ಎದೆ ಸವರಿದಂತಾಯಿತು. "ನಿಜ," ಎಂದ. "ನಿಜವಾದ ಮಾತು."

ಮಧ್ಯಾಹ್ನ ಬಾವಿಯ ಹತ್ತಿರ ಅಡವೀಶ ಸಿಕ್ಕಿದ.

"ಅಣ್ಣಾ, ಒಂದು ಹೊಳೀತು. ಅಂಗಡಿಗಳನ್ನೂ ಎಲ್ಲೆಯೊಳಗೆ ತಗೊಳ್ಳೋಣ. ರಾತ್ರಿಯ ವಿಷಯ ಬಂದ್ರೆ ಮನೆಯವರ ಮಾತು ನಡೀಲಿ. ಗಾಡಿ, ವ್ಯಾಪಾರ ಅಂದ್ರೆ ಅಂಗಡಿಯವರದ್ದು. ಬಾವಿಯ ವಿಷಯದಲ್ಲಿ ಎರಡೂ ಕಡೆ ಒಪ್ಪಬೇಕು. ನಿಮಗೇನನ್ಸುತ್ತೆ?"

ಅದು ಒಳ್ಳೆಯ ದಾರಿ ಎಂದು ಚಿದಂಬರನಿಗೆ ಥಟ್ಟನೆ ಹೊಳೆಯಿತು. ತನಗೆ ತೋಚಲಿಲ್ಲವಲ್ಲ ಎಂಬುದೂ ಜೊತೆಗೇ ಹೊಳೆಯಿತು. ನಾಳೆ ಹೊಳೆಯ ದಂಡೆಯಲ್ಲಿ ಗುರುಗಳು ಇದನ್ನು ಕೇಳಿ ತಲೆದೂಗುವುದು ಕಣ್ಣಿಗೆ ಕಟ್ಟಿತು.

"ನೋಡೋಣ," ಎಂದ. "ನೀನು ಹೋಗಿ ಗಾಡಿಯವರನ್ನೂ ಕೇಳ್ಕೊಂಡು ಬಾ."

ಅಡವೀಶ ಅತ್ತ ಹೋದದ್ದೇ ತಡ, ಚಿದಂಬರ ಸುಣ್ಣದ ಬುಟ್ಟಿ ತರಿಸಿದ. ಬಾವಿಯನ್ನು ಮನೆಗಳ ಕಡೆಗೆ ಬಿಟ್ಟು, ಬೀದಿಗೆ ಅಡ್ಡಲಾಗಿ ಗೆರೆ ಎಳೆದ. ಅಂಗಡಿಗಳೆಲ್ಲ ಗೆರೆಯ ಆಚೆ ಉಳಿದವು.

"ಇದು ಆಶ್ರಮದ ಮಾತು," ಎಂದ.

ಗೆರೆಯ ಸುಣ್ಣ ಇನ್ನೂ ಕೆದರಿರಲಿಲ್ಲ, ಮನೆಯವರು ಅದರ ಮೇಲೆ ಬಿದಿರು ನೆಟ್ಟರು. ನೀರಿಗೆ ಬಂದ ಗೂಳಪ್ಪನ ಕೊಡ ಕಿತ್ತು ಎಸೆದರು. ಅಂಗಡಿಯವರು ಬಿದಿರು ಕೀಳಲು ನುಗ್ಗಿದರು. ಓಡಿಬಂದು ನಡುವೆ ನಿಂತ ಅಡವೀಶನ ಹಣೆಗೆ ಏಟು ಬಿತ್ತು.

ರಕ್ತ ಕಂಡು ಜನ ಹಿಂದೆ ಸರಿದರು.

"ಇದು ನಿಮ್ಮ ಗುರುಗಳ ನ್ಯಾಯವೇನಪ್ಪಾ?" ಗೂಳಪ್ಪ ಕೂಗಿದ.

ಅಡವೀಶ ಹಣೆ ಒತ್ತಿಹಿಡಿದು ಹೇಳಿದ, "ಅಣ್ಣ ಎಳೆದಿದ್ದಾರೆ. ಅವರು ಯೋಚಿಸದೆ ಎಳೆಯೋರಲ್ಲ."

ಆ ಮಾತು ಕೇಳಿ ಚಿದಂಬರನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಆಶ್ರಮಕ್ಕೆ ನಡೆದ. ಗುರುಗಳು ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದ.

"ಗೆರೆಯ ಆಚೆ ಯಾರನ್ನು ಬಿಟ್ಟೆ?" ಗುರುಗಳು ಕೇಳಿದರು.

"ಅಂಗಡಿಯವರನ್ನ."

ಗುರುಗಳು ಸೊಪ್ಪು ಬಿಡಿಸುತ್ತಲೇ ಇದ್ದರು.

"ಯಾರನ್ನು ಬಿಟ್ಟೆ?"

"ಅಡವೀಶನನ್ನ."

"ಆ ಬೀದಿಯವರಿಗೆ ಇದು ಗೊತ್ತೇ?"

"ಇಲ್ಲ."

ಚಿದಂಬರ ಎದ್ದು, ಬಂದ ದಾರಿಯಲ್ಲೇ ತಿರುಗಿ ಹೋದ.

ಬಾವಿಯ ಮುಂದೆ, ಎರಡೂ ಕಡೆಯವರು ನೋಡುತ್ತಿರುವಾಗ, ಮಂಡಿಯೂರಿ ಕೂತು ಗೆರೆಯನ್ನು ಅಂಗೈಯಿಂದ ಅಳಿಸಿದ.

"ಇದು ಆಶ್ರಮದ ಮಾತಲ್ಲ," ಎಂದ. "ನನ್ನ ಹೊಟ್ಟೆಕಿಚ್ಚಿನ ಮಾತು. ಸರಿಯಾದ ದಾರಿ ಅಡವೀಶ ಹೇಳಿದ್ದ. ಅದು ಅವನದ್ದು ಅನ್ನೋ ಒಂದೇ ಕಾರಣಕ್ಕೆ ಮುಚ್ಚಿಟ್ಟೆ."

ಮೇಷ್ಟ್ರು ಮುಖ ತಗ್ಗಿಸಿದರು.

ಆಮೇಲೆ ಅಡವೀಶ ಹೇಳಿದ್ದನ್ನು ಚಿದಂಬರ ಒಂದೂ ಬಿಡದೆ ಹೇಳಿದ. ಪ್ರತಿ ಸಲ ಅಡವೀಶನ ಹೆಸರು ಹೇಳುವಾಗಲೂ ನಾಲಿಗೆ ತಡವರಿಸಿತು. ಜನ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗಾಡಿ ಬರಕೂಡದು ಎಂದು ಮೇಷ್ಟ್ರು ಪಟ್ಟು ಹಿಡಿದರು. ಗೂಳಪ್ಪ ಗೊಣಗಿ ಗೊಣಗಿ ಹೂಂ ಅಂದ. ಬಿದಿರನ್ನು ಎರಡೂ ಕಡೆಯವರು ಸೇರಿ ಕಿತ್ತರು.

ಚಿದಂಬರ ಆಶ್ರಮಕ್ಕೆ ಬಂದಾಗ ಊಟದ ಹೊತ್ತು. ಗುರುಗಳ ಪಕ್ಕ ಎಲೆ ಹಾಕಿತ್ತು. ಕೂತ, ಆದರೆ ಅನ್ನಕ್ಕೆ ಕೈ ಹಾಕಲಿಲ್ಲ.

"ಗುರುಗಳೇ, ಬೀದಿ ಸರಿಹೋಯ್ತು. ನಾನು ಸರಿಹೋಗಿಲ್ಲ. ಎಲ್ಲರ ಮುಂದೆ ಅವನನ್ನು ಹೊಗಳಿ ಬಂದೆ. ಹೊಗಳುವಾಗಲೂ ಹೊಟ್ಟೆ ಉರೀತಾನೇ ಇತ್ತು. ಈಗಲೂ ಉರೀತಿದೆ. ಇದನ್ನು ಏನು ಮಾಡ್ಲಿ?"

ಹಣೆಗೆ ಬಟ್ಟೆ ಕಟ್ಟಿಕೊಂಡ ಅಡವೀಶ ಬಾಗಿಲಲ್ಲಿ ಬಂದು ನಿಂತ. ಸಾಲಿನಲ್ಲಿ ಎಲ್ಲೂ ಜಾಗವಿರಲಿಲ್ಲ.

ಗುರುಗಳು ಅವನನ್ನು ನೋಡಿದರು. ಚಿದಂಬರನನ್ನು ನೋಡಿದರು.

"ಉರಿದ್ರೆ ಉರೀಲಿ. ನೀನು ಸ್ವಲ್ಪ ಸರಿದು ಕೂರು, ಅವನೂ ಉಂಡಿಲ್ಲ."