ತಿಪ್ಪೆಗೆ ಬಿದ್ದ ಪುಡಿ

"ಗುರುಗಳೇ, ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ?"

ಹೀಗೆ ಕೇಳಿದವನು ಕೊಟ್ರೇಶ. ಪದವಿ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಕೇಳಿಸಿಕೊಂಡವರು ಸಿದ್ಧವೀರಪ್ಪ ಮೇಷ್ಟ್ರು. ಒಂದು ಕಾಲದಲ್ಲಿ ಅವನಿಗೆ ಅದೇ ವಿಷಯ ಕಲಿಸಿ, ಈಗ ನಿವೃತ್ತರಾಗಿ, ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕುಳಿತಿದ್ದರು.

"ನೀನು ಹೇಗೆ ಕಲಿಸುತ್ತಿದ್ದೀಯ, ಅದನ್ನು ಹೇಳು" ಎಂದರು ಮೇಷ್ಟ್ರು.

ಕೊಟ್ರೇಶ ಈ ಮಾತಿಗೇ ಕಾದಿದ್ದ. "ಅದಕ್ಕೆಂದೇ ವಾರಕ್ಕೊಂದು ಹೊಸ ತರಗತಿ ಮಾಡಿದ್ದೇನೆ. ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಎಂದು ಮೊಬೈಲಿಗೆ ಸುದ್ದಿ ಬರುತ್ತದೆ. ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಹುಡುಗರೇ ಅದನ್ನು ಊರಿಗೆಲ್ಲ ಕಳಿಸುತ್ತಾರೆ. ಅಂಥ ಸುದ್ದಿಯನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳಿಕೊಡುತ್ತೇನೆ. ಒಬ್ಬರನ್ನೂ ಬಿಡದೆ ಎಲ್ಲರನ್ನೂ ಕೂರಿಸುತ್ತೇನೆ. ವರ್ಷದ ಕೊನೆಗೆ ಹೆಚ್ಚಿನವರು ಜಾಣರಾಗಿದ್ದಾರೆ. ಅದು ನನ್ನ ತರಗತಿಯ ಫಲ. ಕೆಲವರು ಇದ್ದಲ್ಲೇ ಇದ್ದಾರೆ. ಅವರಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸೋಮವಾರ ವಿಶ್ವವಿದ್ಯಾಲಯದ ಸಭೆ ಇದೆ. ಈ ತರಗತಿಯನ್ನು ಎಲ್ಲ ಕಾಲೇಜುಗಳಿಗೂ ಕಡ್ಡಾಯ ಮಾಡಿ ಎಂದು ಕೇಳುವವನಿದ್ದೇನೆ. ತಾವು ಒಂದು ಮಾತು ಹೇಳಿದರೆ ಸಭೆ ಒಪ್ಪುತ್ತದೆ."

"ಕೋಣ ಎಂದೆಯಲ್ಲ, ಎಮ್ಮೆಯ ಕತೆಯೊಂದಿದೆ, ಕೇಳು" ಎಂದು ಮೇಷ್ಟ್ರು ಒಂದು ಹಿಡಿ ಕಡಲೆಬೀಜ ಅವನ ಕೈಗೆ ಹಾಕಿದರು.

ಒಬ್ಬ ರೈತನಿದ್ದ. ಅವನಿಗೆ ಎರಡು ಎಮ್ಮೆ. ಒಂದು ಅವನು ಸಂತೆಯಲ್ಲಿ ಕೊಂಡದ್ದು, ಇನ್ನೊಂದು ಹೆಂಡತಿ ತವರಿನಿಂದ ಹೊಡೆದುಕೊಂಡು ಬಂದದ್ದು. ತವರಿನ ಎಮ್ಮೆ ಅವಳ ಮಾತು ಕೇಳುತ್ತಿತ್ತು. ಗಂಡ ಅಷ್ಟು ಕೇಳುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಣಹುಲ್ಲು ತಿಂದು ತಿಂದು ಎರಡರ ಹಾಲೂ ಇಳಿಯಿತು. ಆಗ ಒಬ್ಬ ವ್ಯಾಪಾರಿ ಗಾಡಿಯ ತುಂಬ ಪುಡಿ ಹೇರಿಕೊಂಡು ಬಂದ. "ದಿನಕ್ಕೊಂದು ಹಿಡಿ ಬೂಸಾದಲ್ಲಿ ಕಲಸಿ ಇಡಿ. ಹಾಲು ಏರಿದರೆ ಪುಡಿಯ ಗುಣ. ಏರದಿದ್ದರೆ ಎಮ್ಮೆಯ ಹಣೆಬರಹ" ಎಂದ. ಹಿತ್ತಲ ಗಿಡ ಮದ್ದಲ್ಲ ನೋಡು. ಎಲ್ಲಿಂದಲೋ ಬಂದ ಪುಡಿಯನ್ನು ರೈತ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಎರಡಕ್ಕೂ ತಪ್ಪದೆ ಹಾಕು ಎಂದು ಹೆಂಡತಿಗೆ ಹೇಳಿದ.

ಹೆಂಡತಿ ಗಂಡನ ಎಮ್ಮೆಗೆ ಹಾಕಿದಳು. ತವರಿನ ಎಮ್ಮೆಯ ಬಾಯಿಗೆ ದಾರಿಹೋಕನ ಪುಡಿ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಅದರ ಪಾಲನ್ನು ದಿನವೂ ಯಾರಿಗೂ ಕಾಣದ ಹಾಗೆ ತಿಪ್ಪೆಗೆ ಎಸೆದಳು. ಇದರಲ್ಲಿ ಜಾಣತನವೇನೂ ಇರಲಿಲ್ಲ. ಇದ್ದದ್ದು ಬರೀ ಮಮತೆ, ಸ್ವಲ್ಪ ಹಟ.

ಅಷ್ಟರಲ್ಲಿ ಮಳೆ ಬಿತ್ತು. ಬದುಗಳ ಮೇಲೆ ಹಸಿ ಹುಲ್ಲು ಎದ್ದಿತು. ಎಮ್ಮೆಗಳು ಹೊಟ್ಟೆ ತುಂಬ ಮೇದು ಬಂದವು, ಎರಡರ ಹಾಲೂ ಏರಿತು. ರೈತ ಆ ಹುಲ್ಲನ್ನು ತುಳಿದುಕೊಂಡೇ ಊರೆಲ್ಲ ಸುತ್ತಿ ಪುಡಿಯನ್ನು ಹೊಗಳಿದ. ಪುಡಿ ಕೊಳ್ಳದ ನೆರೆಮನೆಯಲ್ಲೂ ಹಾಲು ಏರಿತ್ತು. ಅದನ್ನು ವಿಚಾರಿಸಲು ಅವನಿಗೆ ಪುರಸೊತ್ತಿರಲಿಲ್ಲ. ಹೆಂಡತಿ ಬೈಗುಳಕ್ಕೆ ಹೆದರಿ ಸುಮ್ಮನಿದ್ದಳು.

ವ್ಯಾಪಾರಿ ಮತ್ತೆ ಬಂದ. ವರ್ಷಕ್ಕಾಗುವಷ್ಟು ಪುಡಿ ಬೇಕು ಎಂದ ರೈತ. ಬದಲಿಗೆ ಒಂದು ಎಮ್ಮೆ ಕೊಡು ಎಂದ ವ್ಯಾಪಾರಿ. ರೈತ ಒಪ್ಪಿದ. ವ್ಯಾಪಾರಿ ಕೊಟ್ಟಿಗೆಗೆ ಹೋಗಿ, ಎರಡರ ಬೆನ್ನನ್ನೂ ತಟ್ಟಿ ನೋಡಿ, ತವರಿನ ಎಮ್ಮೆಯ ಹಗ್ಗ ಹಿಡಿದ. "ಇದೇ ಇರಲಿ. ನನ್ನ ಪುಡಿ ಚೆನ್ನಾಗಿ ಹಿಡಿದಿರುವುದು ಇದಕ್ಕೇ. ಮೈಯ ಹೊಳಪೇ ಹೇಳುತ್ತದೆ" ಎಂದ.

ಹೆಂಡತಿ ಎಮ್ಮೆಗೆ ಅಡ್ಡ ನಿಂತಳು. ಬೈಸಿಕೊಂಡರೂ ಸರಿ ಎಂದು ಬಾಯಿಬಿಟ್ಟಳು. "ಅದು ನಿಮ್ಮ ಪುಡಿಯನ್ನು ಒಂದು ಚಿಟಿಕೆಯೂ ತಿಂದಿಲ್ಲ. ಎಲ್ಲ ತಿಪ್ಪೆಗೆ ಹಾಕಿದ್ದೇನೆ."

ರೈತ ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ರೆಪ್ಪೆ ಕೂಡ ಮಿಟುಕಿಸಲಿಲ್ಲ. "ನೋಡಿದೆಯಾ ನನ್ನ ಪುಡಿಯ ಶಕ್ತಿ? ತಿಪ್ಪೆಯಿಂದ ಗಾಳಿ ಬೀಸಿದ್ದಕ್ಕೇ ಇಷ್ಟು ಹಾಲು" ಎಂದ. ರೈತ ಹೌದೆಂದು ತಲೆಯಾಡಿಸಿದ.

"ಗಾಳಿಯೇ ಸಾಕಾದರೆ ಹಗ್ಗ ಬಿಡಣ್ಣ" ಎಂದಳು ಹೆಂಡತಿ. "ತಿಪ್ಪೆ ಇಲ್ಲೇ ಇದೆ, ಪುಡಿ ಅದರಲ್ಲೇ ಇದೆ. ನಮಗೆ ವರ್ಷಕ್ಕೆ ಸಾಕು."

ಇದಕ್ಕೂ ರೈತ ಹೌದೆಂದು ತಲೆಯಾಡಿಸಿದ. ವ್ಯಾಪಾರಿ ಹಗ್ಗ ಬಿಟ್ಟ. ಗಾಡಿ ಮುಂದಿನ ಊರಿಗೆ ಹೋಯಿತು. ತವರಿನ ಎಮ್ಮೆ ಕೊಟ್ಟಿಗೆಯಲ್ಲೇ ಉಳಿಯಿತು. ರೈತ ಮಾತ್ರ ಎಷ್ಟೋ ದಿನ ಹಾಲು ಕರೆಯುವ ಮುಂಚೆ, ತಿಪ್ಪೆಯ ಕಡೆಯಿಂದ ಗಾಳಿ ಬೀಸುತ್ತಿದೆಯೇ ಎಂದು ಕೈಯಲ್ಲಿದ್ದ ಹಸಿ ಹುಲ್ಲಿನ ಎಳೆಯನ್ನು ಹಾರಿಸಿ ನೋಡುತ್ತಿದ್ದ.

ಕೊಟ್ರೇಶನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಎಂಥ ಬೆಪ್ಪು ಗುರುಗಳೇ ಅವನು. ಎರಡಕ್ಕೂ ಹಾಕು ಎಂದರೆ ಪುಡಿಯ ಗುಣ ತಿಳಿಯುವುದಾದರೂ ಹೇಗೆ? ಒಂದಕ್ಕೆ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಹೋಲಿಸಿ ನೋಡಬೇಕಿತ್ತು. ಇದನ್ನು ನಾನು ಮೊದಲ ದಿನವೇ ಹೇಳಿಕೊಡುತ್ತೇನೆ. ಅಂದಹಾಗೆ, ಸೋಮವಾರದ ಸಭೆಗೆ ಒಂದು ಮಾತು ಹೇಳುತ್ತೀರಲ್ಲ?"

ಮೇಷ್ಟ್ರು ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು ಎದ್ದರು.

"ಹೇಳೋಣಂತೆ, ಮೊದಲು ನಿನ್ನ ತರಗತಿಯಲ್ಲಿ ಕೂರದ ಎಮ್ಮೆಯನ್ನು ತೋರಿಸು."

ಕೊಟ್ರೇಶನ ಕಡಲೆಬೀಜ ಕೈಯಲ್ಲೇ ಉಳಿಯಿತು.