ಗದ್ದುಗೆ ಮುಟ್ಟಿಸಿದ ಆಣೆ

ಹೊಳೆಯ ದಂಡೆಯ ಮೇಲೆ ಒಂದು ಮಠವಿತ್ತು. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಮಠದ ಉಸ್ತುವಾರಿಯನ್ನು ಅವರ ಶಿಷ್ಯ ಮುರುಘೇಂದ್ರ ನೋಡಿಕೊಳ್ಳುತ್ತಿದ್ದ.

ಆ ಮಠದಲ್ಲಿ ಕೂಲಿ ಎಂಬ ಮಾತೇ ಇರಲಿಲ್ಲ. ಕಸ ಗುಡಿಸಿದರೂ ಸೇವೆ, ಗೋಡೆ ಕಟ್ಟಿದರೂ ಸೇವೆ. ಸಂಜೆ ಕೈಗೆ ಕೊಡುವ ದುಡ್ಡಿಗೂ ಪ್ರಸಾದ ಎಂದೇ ಹೆಸರು. ಇದನ್ನು ಮೊದಲೇ ಹೇಳಬೇಕು. ಮುಂದೆ ಆದದ್ದಕ್ಕೆಲ್ಲ ಈ ರೂಢಿಯೇ ಕಾರಣ.

ಬೇಸಿಗೆಯಲ್ಲಿ ಮಠದ ಬಾವಿಯ ಹೂಳು ತೆಗೆಯಲು ಯಮನೂರಪ್ಪ ಎಂಬುವನು ಬಂದಿದ್ದ. ಅವನು ಹಗ್ಗ ಹಿಡಿದು ಇಳಿಯುತ್ತಿದ್ದಾಗ ಬಾವಿಯ ಮೇಲಿನ ಮರದ ತೊಲೆ ಮುರಿಯಿತು. ಅವನು ಬದುಕಲಿಲ್ಲ.

ಪೊಲೀಸರು ಬಂದು ಕೇಳಿದಾಗ ಮುರುಘೇಂದ್ರ, ಕಾಲು ಜಾರಿ ಬಿದ್ದ ಎಂದ. ಅವರು ಹಾಗೆಯೇ ಬರೆದುಕೊಂಡು ಹೋದರು.

ಯಮನೂರಪ್ಪನ ಹೆಂಡತಿ ಹೊಳೆವ್ವ. ಒಬ್ಬಳೇ ಮಗಳು. ತೊಲೆ ಮುರಿದದ್ದನ್ನು ಕಣ್ಣಾರೆ ಕಂಡಿದ್ದ ಅವಳ ಅಣ್ಣ, ನಡಿ, ಸ್ಟೇಷನ್ನಿಗೆ ಹೋಗೋಣ ಎಂದು ಅವಳನ್ನು ಒತ್ತಾಯಿಸುತ್ತಿದ್ದ. ಆ ಸುದ್ದಿ ಮುರುಘೇಂದ್ರನ ಕಿವಿಗೆ ಬಿತ್ತು.

ಅವನು ಹೊಳೆವ್ವನನ್ನು ಕರೆಸಿದ. ಗದ್ದುಗೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ. ಗದ್ದುಗೆ ಎಂದರೆ ಹಿಂದಿನ ಗುರುಗಳ ಸಮಾಧಿ. ಅದನ್ನು ಮುಟ್ಟಿ ಕೊಟ್ಟ ಮಾತಿಗೆ ಆ ಸೀಮೆಯಲ್ಲಿ ಯಾರೂ ತಪ್ಪುವುದಿಲ್ಲ.

ಮಠದ ಮಾನ ಉಳಿಯಿತು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಆ ಸಮಾಧಾನದಲ್ಲೇ ಅಜ್ಜಾರ ಬಳಿಗೆ ಹೋಗಿ, ಪೊಲೀಸರಿಗೆ ಹೇಳಿದ್ದನ್ನೂ ಆಣೆ ಮಾಡಿಸಿದ್ದನ್ನೂ ಹೇಳಿದ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ತಮ್ಮ ಪಂಚೆ ಹಿಂಡುತ್ತಿದ್ದರು.

"ಅವ ಕಾಲು ಜಾರಿ ಬಿದ್ನೇನು?" ಎಂದು ಕೇಳಿದರು.

"ತೊಲಿ ಮುರೀತ್ರಿ. ಮುರಿದಾಗ ಕಾಲೂ ಜಾರತದಲ್ರೀ."

"ನೀ ವಕೀಲ ಆಗಬೇಕಿತ್ತು. ದಾರಿ ತಪ್ಪಿ ಮಠಕ್ಕ ಬಂದಿ."

ಮುರುಘೇಂದ್ರ ತಲೆ ತಗ್ಗಿಸಿದ. ಆದರೂ ಸುಮ್ಮನಾಗಲಿಲ್ಲ.

"ಅಜ್ಜಾರ, ಅವ ಕೂಲಿಗೆ ಬಂದವ ಅಲ್ಲ. ಸೇವಾ ಮಾಡಾಕ ಬಂದವ. ಸೇವಾದಾಗ ಮಾಲಕ ಇಲ್ಲ, ಆಳೂ ಇಲ್ಲ. ಅಂದಮ್ಯಾಲೆ ಕೋರ್ಟು ಯಾರನ್ನ ಕೇಳಬೇಕು?"

"ತೊಲಿ ಗಟ್ಟಿ ಇತ್ತೇನು?"

ಮುರುಘೇಂದ್ರ ಹೊಳೆಯ ಕಡೆ ಮುಖ ತಿರುಗಿಸಿದ.

"ಕೇಳಿದ್ದಕ್ಕ ಹೇಳಪಾ."

"ನುಸಿ ತಿಂದಿತ್ರಿ."

"ಅದು ಅವಗ ಗೊತ್ತಿತ್ತೇನು?"

"ಗೊತ್ತಿತ್ರಿ. ಇಳಿಯೂ ಮುಂಚೆ ಹೇಳಿದ. ತೊಲಿ ಬದಲಿ ಮಾಡ್ರಿ, ನಾಳೆ ಇಳೀತೀನಿ ಅಂದ."

"ನೀ ಏನಂದಿ?"

ಈ ಮಾತನ್ನು ಮುರುಘೇಂದ್ರ ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ.

"ಏನೂ ಆಗೂದಿಲ್ಲ, ಅಜ್ಜಾರ ಹೆಸರು ಹೇಳಿ ಇಳಿ ಅಂದೆ."

ಅಜ್ಜಾರ ಕೈ ಹಿಂಡುವುದನ್ನು ನಿಲ್ಲಿಸಿತು.

"ಹೇಳಿದ್ನೇನು?"

"ಹೇಳಿದ್ನರಿ. ಹೇಳಿಕೋತನ ಇಳಿದ."

ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವರು ಮಠಕ್ಕೆ ಹಿಂತಿರುಗಿದಾಗ ಹೊಳೆವ್ವ ಬಾಗಿಲ ಹೊರಗೆ ನಿಂತಿದ್ದಳು. ಸೆರಗಿನ ತುದಿ ಹಲ್ಲಿನಲ್ಲಿತ್ತು.

"ಯಾಕ ಅಲ್ಲೇ ನಿಂತಿ ಯವ್ವಾ? ಒಳಗ ಬಾ," ಎಂದರು ಅಜ್ಜಾರು.

"ಒಳಗ ಬಂದ್ರ ಗದ್ದುಗಿ ಕಾಣತದರಿ. ಕಂಡ್ರ, ಕೊಟ್ಟ ಮಾತು ವಾಪಸ್ ಕೊಡು ಅಂತ ಕೇಳೂ ಹಂಗ ಆಗತದ."

"ಕೇಳು."

"ಒಲ್ಲೆರಿ. ಗಂಡನ್ನ ಕಳಕೊಂಡೀನಿ. ಆಣಿ ಮುರಿದು ಮಗಳಿಗೇನಾರ ಆದ್ರ ನಾ ಏನ್ ಮಾಡ್ಲಿ?"

ಹಾಗೇನೂ ಆಗುವುದಿಲ್ಲ ಎಂದು ಅಜ್ಜಾರು ಹೇಳಬಹುದಿತ್ತು. ಹೇಳಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದವಳ ಭಯ ಮಾತಿನಿಂದ ಹೋಗುವಂಥದ್ದಲ್ಲ.

"ಏನಂತ ಆಣಿ ಮಾಡೀದಿ?"

"ಸ್ಟೇಷನ್ನಿನ ಮೆಟ್ಟಲ, ಕಚೇರಿ ಮೆಟ್ಟಲ ಹತ್ತೂದಿಲ್ಲ ಅಂತರಿ."

"ಹಂಗಾದ್ರ ಹತ್ತಬ್ಯಾಡ. ಆಣಿ ಉಳಿಸ್ಕೋ."

ಮುರುಘೇಂದ್ರ ಉಸಿರು ಬಿಟ್ಟ. ಗುರುಗಳು ಕೊನೆಗೂ ತನ್ನ ಕಡೆಗೇ ಬಂದರು ಎಂದುಕೊಂಡ.

ಹೊಳೆವ್ವ ಕಣ್ಣೊರೆಸಿಕೊಂಡು ಹೊರಡಲು ತಿರುಗಿದಳು.

"ನಿಲ್ಲು. ಮನಿಗೆ ಬಂದು ಕೇಳಿದವರಿಗೆ ಖರೇ ಹೇಳಬಾರದು ಅಂತ ಆಣಿ ಮಾಡಿಸ್ಕೊಂಡಾನೇನು?"

"ಇಲ್ರಿ."

"ಮನಿಗೆ ಬಂದವರು ಕೊಟ್ಟ ಕಾಗದಕ್ಕ ಸಹಿ ಹಾಕಬಾರದು ಅಂತ?"

"ಅದೂ ಇಲ್ರಿ."

"ಹಂಗಾದ್ರ ಕೇಳು. ಪೊಲೀಸರು ನಿನ್ನ ಮನಿಗೆ ಬರತಾರ. ಅವರು ಕೇಳೂದು, ತಪ್ಪು ಯಾರದು ಅಂತ. ಕಾರ್ಮಿಕ ಇಲಾಖೆದವರದು ಬ್ಯಾರೆ. ದುಡಿಯಾವ ಸತ್ತ ಮ್ಯಾಲೆ ಅವನ ಹೆಂಡತಿ ಮಕ್ಕಳಿಗೆ ಏನು ಸಲ್ಲಬೇಕು ಅಂತ ಅವರು ನೋಡತಾರ. ಒಂದು ಕೇಳಿದಿ ಅಂತ ಇನ್ನೊಂದು ತಪ್ಪೂದಿಲ್ಲ."

"ಮಠದವರು ರಾಜಿ ಮಾಡ್ಕೋ ಅಂದ್ರರಿ."

"ರಾಜಿನೂ ಒಂದು ದಾರಿನಽ. ಆದ್ರ ನಿನಗ ಬರಬೇಕಾದ್ದು ಏನು ಅಂತ ತಿಳಕೊಂಡ ಮ್ಯಾಲೆ, ನಿನಗ ಬೇಕು ಅನಿಸಿದ್ರ ಮಾಡ್ಕೋ. ಹೆದರಿ ಮಾಡ್ಕೋಬ್ಯಾಡ."

"ನಾ ಹೋಗಿ ಹೇಳದ ಅವರು ಹೆಂಗ ಬರತಾರ ಅಜ್ಜಾರ?"

ಅಜ್ಜಾರು ಒದ್ದೆ ಪಂಚೆಯನ್ನು ಗೋಡೆಯ ಮೇಲೆ ಹರವಿದರು. ಬಾಗಿಲ ಬಳಿ ಬಿಟ್ಟಿದ್ದ ಕೆರವು ಮೆಟ್ಟಿಕೊಂಡರು.

"ಆಣಿ ಮಾಡಿದಾಕಿ ನೀ. ನಾ ಅಲ್ಲಲಾ," ಎಂದರು.

ಮುರುಘೇಂದ್ರ ಓಡಿಬಂದು ಅಡ್ಡ ನಿಂತ.

"ಅಜ್ಜಾರ, ಮಠದ ಹೆಸರು ಹೋಗತದ! ನಾಳೆ ಯಾರೂ ಈ ಕಡೆ ತಲಿ ಹಾಕೂದಿಲ್ಲ."

"ಹೆಸರು ಹೇಳಿಕೋತ ಇಳಿದಾವನಽ ಹೋದ. ಇನ್ನ ಹೆಸರು ಇಟ್ಕೊಂಡು ಏನು ಮಾಡ್ತಿ?"

ಮುರುಘೇಂದ್ರ ದಾರಿ ಬಿಟ್ಟ. ಅಜ್ಜಾರು ಅವನನ್ನು ಬಾ ಎಂದು ಕರೆಯಲಿಲ್ಲ. ಅವರು ಅಷ್ಟು ದೂರ ಹೋದ ಮೇಲೆ ಅವನೇ ಹಿಂದೆ ನಡೆದ. ಮೊದಲು ಅವರನ್ನು ತಡೆಯಬೇಕೆಂದು ನಡೆದ. ಸಂತೆ ಬಯಲು ದಾಟುವಾಗ, ತಾನು ಹೇಳಬೇಕಾದ ಮಾತನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ. ತೊಲೆ ನುಸಿ ತಿಂದಿತ್ತು. ನನಗೆ ಗೊತ್ತಿತ್ತು. ಇಳಿ ಎಂದವನು ನಾನೇ.

ಸ್ಟೇಷನ್ನಿನಲ್ಲಿ ಅಜ್ಜಾರನ್ನು ಕಂಡ ಕೂಡಲೇ ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಎದ್ದು ಬಂದರು. ಬಗ್ಗಿ ಪಾದ ಮುಟ್ಟಿದರು.

"ಹೇಳಿ ಕಳಿಸಿದ್ರ ನಾನಽ ಮಠಕ್ಕ ಬರ್ತಿದ್ನೆಲ್ರೀ ಅಜ್ಜಾರ! ಈ ಬಿಸಲಾಗ ನಡಕೋತ ಬರೂದೇನ್ರೀ? ಕುಂದರ್ರಿ, ಕುಂದರ್ರಿ."

ತಮ್ಮ ಕುರ್ಚಿಯನ್ನೇ ಎಳೆದು, ಕರವಸ್ತ್ರದಿಂದ ಒರೆಸಿ, ಮುಂದಿಟ್ಟರು.

ಅಜ್ಜಾರು ಕೂಡಲಿಲ್ಲ. ಬಾಗಿಲಲ್ಲೇ ನಿಂತಿದ್ದ ಮುರುಘೇಂದ್ರನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡರು.

"ತಪ್ಪು ಮಾಡಿದವರು ನಿಂದ್ರೂ ಜಾಗ ಯಾವುದು, ತಮ್ಮಾ? ಇಬ್ಬರು ಬಂದೀವಿ."