ಕರಡಿ ಕಾಯುತ್ತಿದ್ದ ಕಂಡಿ

ಧ್ರುವದ ಕಡಲಿನಲ್ಲಿ ಬಿಳಿ ಕರಡಿಯೊಂದು, ಅಮ್ಮ ಕಲಿಸಿದಂತೆ, ಹಿಮದಲ್ಲಿದ್ದ ಕಂಡಿಯ ಬಳಿ ಅಲುಗಾಡದೆ ಕುಳಿತಿತ್ತು. ಹಿಮದಡಿ ಈಜುವ ಸೀಲ್ ಎಂಬ ಕಡಲಪ್ರಾಣಿ ಉಸಿರಾಡಲು ಆ ಕಂಡಿಯಲ್ಲೇ ತಲೆಯೆತ್ತಬೇಕು. ಎತ್ತಿದರೆ ಕರಡಿಗೆ ಊಟ. ಅಂದು ತುಂಬು ಗರ್ಭಿಣಿ ಸೀಲೊಂದು ತಲೆಯೆತ್ತಿದ್ದು ದೂರದ ನೀರಿನಲ್ಲಿ.

“ಕರಡಿರಾಯ, ಇನ್ನೆಷ್ಟು ದಿನ ಕಾಯುತ್ತೀ? ಹಿಮವೆಲ್ಲ ಕರಗಿತು. ಈಗ ನಾನು ಎಲ್ಲಿ ಬೇಕಾದರೂ ಉಸಿರಾಡಬಲ್ಲೆ!” ಎಂದು ಅದು ನಕ್ಕಿತು.

“ಸಂತೋಷ, ತಾಯಿ,” ಎಂದಿತು ಎಲುಬು ಕಾಣುತ್ತಿದ್ದ ಕರಡಿ. “ಹೆರುವುದು ಎಲ್ಲಿ?”

ಸೀಲಿನ ನಗು ನಿಂತಿತು. ನೀರಿನಲ್ಲಿ ಹೆತ್ತರೆ ಮರಿ ಉಳಿಯದು. ಅದು ಸುತ್ತಲೂ ನೋಡಿತು. ಕಣ್ಣು ಹಾಯುವಷ್ಟು ದೂರಕ್ಕೂ ಉಳಿದಿದ್ದು ಒಂದೇ ಒಂದು ಹಿಮದ ತುಂಡು. ಅದರ ಮೇಲೆ ಕರಡಿ ಕುಳಿತಿತ್ತು.

ನೋವು ಶುರುವಾಯಿತು. ಸೀಲ್ ಅತ್ತಲೇ ಈಜತೊಡಗಿತು.